ಬಚ್ಚಲೊಲೆಯ ಹೊಗೆಗೆ ಒಂದು ಸಮೀಕರಣ

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಅನಿಮೇಷನ್ ಕಲಿತಿದ್ದಾಳೆ ಅಂದುಕೊಳ್ಳಿ. ಅವಳಿಗೆ ಹತ್ತೇ ಸೆಕೆಂಡಿನ ಒಂದು ದೃಶ್ಯ ಬೇಕು. ಜುಲೈ ತಿಂಗಳ ಬೆಳಗು. ಹಳೇ ಹಂಚಿನ ಮನೆ. ಬಚ್ಚಲಲ್ಲಿ ಹಂಡೆಯ ಒಲೆಗೆ ಬೆಂಕಿ ಹಾಕಿದ್ದಾರೆ. ಕಟ್ಟಿಗೆ ಹಸಿ, ಹಾಗಾಗಿ ಹೊಗೆ ಹಂಚಿನ ಸಂದಿಯಿಂದ ಏಳುತ್ತಿದೆ. ಮಳೆ ಬಿಟ್ಟಿಲ್ಲ. ಜಂಬಿಟ್ಟಿಗೆ ಗೋಡೆ ಅರ್ಧ ನೆಂದಿದೆ. ಹಿಂದೆ ಅಡಿಕೆ ತೋಟ, ಅದರಾಚೆ ಮಂಜು. ಇಷ್ಟೇ. ಪಾತ್ರಗಳಿಲ್ಲ, ಮಾತಿಲ್ಲ.

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಹತ್ತು ಸೆಕೆಂಡಿಗೆ 240. ಇವನ್ನು ಒಂದೊಂದಾಗಿ ಕೈಯಲ್ಲೇ ಬಿಡಿಸುವವರು ಈಗಲೂ ಇದ್ದಾರೆ. ಕಂಪ್ಯೂಟರಿನಲ್ಲಿ ಮಾಡಲು ಹೊರಟರೆ ಮಾತ್ರ ಕಥೆ ಬೇರೆ. ಈ ದೃಶ್ಯದ ಒಂದೊಂದು ವಸ್ತುವಿನ ಹಿಂದೆಯೂ ಯಾರೋ, ಎಲ್ಲೋ ಬರೆದ ಸಂಶೋಧನಾ ಲೇಖನಗಳಿವೆ. ಹೊಗೆಗೆ ಇವೆ, ಮಳೆಹನಿಗೆ ಇವೆ, ಒದ್ದೆಯಾದ ಗೋಡೆಗೂ ಇವೆ. ಇಂಥ ಲೇಖನಗಳಿಗೆ ದೊಡ್ಡ ಸಂತೆ ಸಿಗ್ರಾಫ್ ಎಂಬ ಸಮ್ಮೇಳನ. 1974ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಶುರುವಾದ ಇದು ಈಗಲೂ ವರ್ಷ ವರ್ಷ ನಡೆಯುತ್ತದೆ. ಗಣಿತದವರು, ಭೌತಶಾಸ್ತ್ರದವರು, ಸಿನಿಮಾದವರು ಅಲ್ಲಿ ಒಂದೇ ಸಾಲಿನಲ್ಲಿ ಕೂತು ಭಾಷಣ ಕೇಳುತ್ತಾರೆ.

ಲೇಖನಗಳು ರಾಶಿ ರಾಶಿ ಬರುತ್ತವೆ. ಆದರೆ ಎಲ್ಲವೂ ಕಲಾವಿದರ ಕೈಗೆ ಸಾಧನವಾಗಿ ಬರುವುದಿಲ್ಲ. ಬರುವವು ಯಾವುವು? ಪ್ರಕೃತಿಯನ್ನು ಅತಿ ನಿಖರವಾಗಿ ಲೆಕ್ಕ ಹಾಕಿದವು ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೆ ಕಂಡದ್ದು ಹಾಗಲ್ಲ. ಗೆದ್ದವು ಬಹುಪಾಲು ಸ್ವಲ್ಪ ಸುಳ್ಳು ಹೇಳಿದವು. ಸುಳ್ಳು ಹೇಳಿ, ಅದರ ಬದಲಿಗೆ ಕಲಾವಿದರ ಕೈಗೊಂದು ಹಿಡಿ ಕೊಟ್ಟವು.

ಹೊಗೆಯನ್ನೇ ನೋಡೋಣ. ಇಲ್ಲಿ ಈ ಮಾತು ಚೆನ್ನಾಗಿ ಕಾಣುತ್ತದೆ.

ಗಾಳಿ, ನೀರು, ಹೊಗೆ ಹೇಗೆ ಹರಿಯುತ್ತವೆ ಎಂದು ಹೇಳುವ ಸಮೀಕರಣಗಳು 19ನೇ ಶತಮಾನದಿಂದಲೇ ಇವೆ. ಫ್ರಾನ್ಸಿನ ನೇವಿಯೆ ಮತ್ತು ಐರ್ಲೆಂಡಿನಲ್ಲಿ ಹುಟ್ಟಿದ ಸ್ಟೋಕ್ಸ್, ಇಬ್ಬರ ಹೆಸರೂ ಸೇರಿ ನೇವಿಯೆ-ಸ್ಟೋಕ್ಸ್ ಸಮೀಕರಣಗಳು ಎನ್ನುತ್ತಾರೆ. ವಿಮಾನದ ರೆಕ್ಕೆ ವಿನ್ಯಾಸ ಮಾಡುವವರಿಗೂ, ಹವಾಮಾನ ಹೇಳುವವರಿಗೂ ಇವೇ ಬೇಕು. ಕಂಪ್ಯೂಟರಿನಲ್ಲಿ ಬಿಡಿಸಲು ಗಾಳಿಯನ್ನು ಸಣ್ಣ ಸಣ್ಣ ಚೌಕದ ಗೂಡುಗಳಾಗಿ ಕತ್ತರಿಸಬೇಕು. ಉದ್ದ, ಅಗಲ, ಎತ್ತರ ಮೂರೂ ಕಡೆ ನೂರು ನೂರು ಗೂಡು ಎಂದರೆ ಒಟ್ಟು 10 ಲಕ್ಷ. ಪ್ರತಿ ಗೂಡಿನಲ್ಲೂ ಗಾಳಿ ಯಾವ ಕಡೆ, ಎಷ್ಟು ಜೋರಾಗಿ ಬೀಸುತ್ತಿದೆ ಎಂದು ಬರೆದಿಡಬೇಕು. ಆಮೇಲೆ ಸಮಯವನ್ನು ಒಂದು ಹೆಜ್ಜೆ ಮುಂದಿಟ್ಟು ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು.

ತೊಂದರೆ ಆ ಹೆಜ್ಜೆಯಲ್ಲೇ ಇತ್ತು. ಹೆಜ್ಜೆ ಸ್ವಲ್ಪ ದೊಡ್ಡದಾದರೂ ಲೆಕ್ಕ ತಪ್ಪಿ ಸಂಖ್ಯೆಗಳು ಉಬ್ಬುತ್ತಾ ಹೋಗುತ್ತಿದ್ದವು. ಒಂದು ಗೂಡಿನ ತಪ್ಪು ಪಕ್ಕದ ಗೂಡಿಗೆ, ಅಲ್ಲಿಂದ ಮುಂದಕ್ಕೆ. ಕೊನೆಗೆ ಹೊಗೆ ಏಳುವ ಬದಲು ಪರದೆಯೇ ಸ್ಫೋಟಿಸಿದ ಹಾಗೆ ಕಾಣುತ್ತಿತ್ತು. ಈ ಮಂದಿ ಅದಕ್ಕೆ ‘ಬ್ಲೋ ಅಪ್’ ಎಂದೇ ಹೇಳುತ್ತಾರೆ. ತಪ್ಪಿಸಬೇಕೆಂದರೆ ಹೆಜ್ಜೆ ತೀರಾ ಚಿಕ್ಕದಿರಬೇಕು. ಚಿಕ್ಕದಾದರೆ ಲೆಕ್ಕ ಮುಗಿಯುವುದೇ ಇಲ್ಲ. ಎಂಜಿನಿಯರ್ ಕಾಯುತ್ತಾನೆ. ಅನಿಮೇಟರ್ ಕಾಯುವುದಿಲ್ಲ. ಹೊಗೆ ಸ್ವಲ್ಪ ಎಡಕ್ಕೆ ಹೋಗಲಿ ಎಂದು ನಿರ್ದೇಶಕರು ಹೇಳಿದರೆ ಅವನು ಇಡೀ ಲೆಕ್ಕವನ್ನು ಮೊದಲಿಂದ ಮಾಡಬೇಕಲ್ಲ.

1999ರಲ್ಲಿ ಜೋಸ್ ಸ್ಟಾಮ್ ಎಂಬ ಸಂಶೋಧಕ ಸಿಗ್ರಾಫ್‌ನಲ್ಲಿ ಒಂದು ಲೇಖನ ಮಂಡಿಸಿದರು. ಹೆಸರು ‘ಸ್ಟೇಬಲ್ ಫ್ಲೂಯಿಡ್ಸ್’. ಅವರ ಉಪಾಯ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಒಂದು ಗೂಡಿನ ಗಾಳಿ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಬೆನ್ನಟ್ಟಬೇಡಿ, ಈಗ ಈ ಗೂಡಿನಲ್ಲಿರುವ ಗಾಳಿ ಎಲ್ಲಿಂದ ಬಂತು ಎಂದು ಕೇಳಿ ಎಂದರು. ಮನೆ ಬಾಗಿಲಿಗೆ ಬಂದ ನೆಂಟರನ್ನು ಎಲ್ಲಿಂದ ಹೊರಟಿರಿ ಅಂತ ವಿಚಾರಿಸಿದ ಹಾಗೆ. ಗೂಡಿನಿಂದ ಹಿಂದಕ್ಕೆ ಹೋಗಿ, ಆ ಗಾಳಿ ಹೊರಟ ಜಾಗ ಹುಡುಕಿ, ಅಲ್ಲಿ ಬರೆದಿಟ್ಟ ಸಂಖ್ಯೆಯನ್ನು ತಂದು ಇಲ್ಲಿ ಹಾಕುವುದು. ಹೊರಟ ಜಾಗ ಸಾಮಾನ್ಯವಾಗಿ ಕೆಲವು ಗೂಡುಗಳ ಮಧ್ಯೆ ಎಲ್ಲೋ ಇರುತ್ತದೆ. ಹಾಗಾಗಿ ಸುತ್ತಲಿನ ಗೂಡುಗಳ ಸರಾಸರಿ ತೆಗೆದುಕೊಳ್ಳಬೇಕು.

ಆ ಸರಾಸರಿಯಲ್ಲೇ ಗುಟ್ಟಿದೆ. ಸರಾಸರಿ ಯಾವತ್ತೂ ಅದರೊಳಗಿನ ದೊಡ್ಡ ಸಂಖ್ಯೆಯನ್ನು ಮೀರುವುದಿಲ್ಲ. ಮೀರದಿದ್ದರೆ ಉಬ್ಬುವ ಪ್ರಶ್ನೆಯೇ ಇಲ್ಲ. ಹೆಜ್ಜೆ ಎಷ್ಟು ದೊಡ್ಡದಿಟ್ಟರೂ ಹೊಗೆ ಸ್ಫೋಟಿಸುವುದಿಲ್ಲ. ಇದರ ಮೇಲೆ ಇನ್ನೊಂದು ಹಂತ: ಯಾವ ಗೂಡಿನಲ್ಲೂ ಗಾಳಿ ರಾಶಿ ಬೀಳಬಾರದು, ಒಳಗೆ ಬಂದಷ್ಟೇ ಹೊರಗೆ ಹೋಗಬೇಕು ಎಂದು ಸರಿಪಡಿಸುವುದು. ಹೊಗೆಗೆ ಆ ಸುರುಳಿ ಸುರುಳಿ ಗುಣ ಬರುವುದು ಈ ಹಂತದಿಂದ. 2003ರಲ್ಲಿ ಗೇಮ್ ಮಾಡುವವರಿಗಾಗಿ ಸ್ಟಾಮ್ ಇದನ್ನೇ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸುಮಾರು ನೂರು ಸಾಲಿನ ಪ್ರೋಗ್ರಾಮ್ ಆಗಿ ಬರೆದು ತೋರಿಸಿದರು. ಈಗಲೂ ಗ್ರಾಫಿಕ್ಸ್ ಕಲಿಯುವ ವಿದ್ಯಾರ್ಥಿಗಳು ಅದನ್ನು ತಾವೇ ಟೈಪ್ ಮಾಡಿ ಆಡುತ್ತಾರೆ. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹುಡುಗರಿಗೂ ಒಂದು ಭಾನುವಾರದ ಕೆಲಸ ಅದು.

ಭೌತಶಾಸ್ತ್ರದವರು ಇದಕ್ಕೆ ಮೂಗು ಮುರಿಯಬಹುದು. ನ್ಯಾಯವೂ ಹೌದು. ಪ್ರತಿ ಹೆಜ್ಜೆಗೂ ಸರಾಸರಿ ತೆಗೆದರೆ ಸಣ್ಣ ಸಣ್ಣ ಸುಳಿಗಳು ಕರಗಿ ಹೋಗುತ್ತವೆ. ನಿಜವಾದ ಬಚ್ಚಲೊಲೆ ಹೊಗೆಯಲ್ಲಿ ಕಾಣುವ ಆ ನವಿರಾದ ಗುಂಗುರು ಇಲ್ಲಿ ಬೇಗ ಮಾಯ. ಹೊಗೆ ಮಂಕಾಗಿ, ದಪ್ಪಗೆ ಕಾಣುತ್ತದೆ. ಇದನ್ನು ಸ್ಟಾಮ್ ಕೂಡ ಒಪ್ಪಿಕೊಂಡಿದ್ದರು. ವಿಮಾನದ ರೆಕ್ಕೆಗೆ ಈ ಲೆಕ್ಕ ನಂಬಲು ಸಾಧ್ಯವಿಲ್ಲ. ಆದರೆ ಸಿನಿಮಾದ ಹೊಗೆ ಯಾರನ್ನೂ ಹೊತ್ತುಕೊಂಡು ಹಾರಬೇಕಾಗಿಲ್ಲ, ಅಲ್ವಾ?

2001ರಲ್ಲಿ ರಾನ್ ಫೆಡ್ಕಿವ್, ಸ್ಟಾಮ್ ಮತ್ತು ಹೆನ್ರಿಕ್ ವಾನ್ ಜೆನ್ಸನ್ ಸೇರಿ ಕಳೆದುಹೋದ ಸುಳಿಗಳನ್ನು ವಾಪಸ್ ತಂದರು. ತಂದ ರೀತಿ ಇನ್ನೂ ಮಜಾ. ಹೆಲಿಕಾಪ್ಟರ್ ಸುತ್ತಲಿನ ಗಾಳಿಯನ್ನು ಲೆಕ್ಕ ಹಾಕಲು ಸ್ಟೈನ್‌ಹಾಫ್ ಎಂಬುವರು ರೂಪಿಸಿದ್ದ ಒಂದು ತಂತ್ರವನ್ನು ಎರವಲು ತಂದರು. ಎಲ್ಲಿ ಸುಳಿ ಇದೆಯೋ ಅಲ್ಲಿ ಸ್ವಲ್ಪ ಹೆಚ್ಚುವರಿ ಬಲ ಕೊಟ್ಟು ಅದನ್ನು ತಿರುಗಿಸುವುದು. ಎಷ್ಟು ಬಲ? ಅದಕ್ಕೊಂದು ಸಂಖ್ಯೆ. ಆ ಸಂಖ್ಯೆಯನ್ನು ಪ್ರಕೃತಿ ನಿರ್ಧರಿಸುವುದಿಲ್ಲ, ಚಿತ್ರ ಮಾಡುವವರು ನಿರ್ಧರಿಸುತ್ತಾರೆ. ಇವತ್ತು ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರ್ ತೆರೆದು ಹೊಗೆಯ ಸೆಟ್ಟಿಂಗ್ ನೋಡಿದರೆ ‘ವೋರ್ಟಿಸಿಟಿ’ ಎಂಬ ಒಂದು ಸ್ಲೈಡರ್ ಸಿಗುತ್ತದೆ. ಎಳೆದರೆ ಹೊಗೆ ಗುಂಗುರಾಗುತ್ತದೆ. ಹೆಲಿಕಾಪ್ಟರಿನಿಂದ ಹೊರಟ ಗಣಿತ ಹಂಡೆ ಒಲೆಗೆ ಬಂದು ಮುಟ್ಟಿದ ದಾರಿ ಇದು.

2003ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಈ ಫ್ರೇಮಿನಲ್ಲಿ ಹೊಗೆ ಇಂಥ ಆಕಾರದಲ್ಲಿ ಇರಲಿ ಎಂದು ಕಲಾವಿದರು ಬರೆದುಕೊಟ್ಟರೆ, ಅಲ್ಲಿಗೆ ಹೊಗೆಯನ್ನು ತಲುಪಿಸಲು ಯಾವ ಗಾಳಿ ಬೀಸಬೇಕು ಎಂದು ಕಂಪ್ಯೂಟರ್ ಹಿಂದಿನಿಂದ ಲೆಕ್ಕ ಹಾಕುವ ವಿಧಾನ ಬಂತು. ಹೊಗೆಗೆ ಹೇಳಿ ಮಾಡಿಸಿದ ಗಾಳಿ! ಇಂಥ ಗಾಳಿ ಯಾವ ಕಾಡಿನಲ್ಲೂ ಬೀಸುವುದಿಲ್ಲ. ಆದರೆ ಅನಿಮೇಷನ್‌ಗೆ ಬೇಕಾಗಿದ್ದು ಅದೇ.

ಸ್ಟಾಮ್ ಆಗ ಕೆಲಸ ಮಾಡುತ್ತಿದ್ದದ್ದು ಮಾಯಾ ಎಂಬ ಅನಿಮೇಷನ್ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ. 1999ರ ಲೇಖನ ಬಂದ ಕೆಲವೇ ವರ್ಷಗಳಲ್ಲಿ ಅವರ ಹೊಗೆಯ ವಿಧಾನ ಮಾಯಾದ ಒಂದು ಭಾಗವಾಯಿತು. 2008ರಲ್ಲಿ ಆ ತಂಡಕ್ಕೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು.

ಹೊಗೆಗೆ ಇಷ್ಟು. ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅಷ್ಟು ಮಳೆ ನೋಡಿದ ನಮಗೂ ಒಂದು ಹನಿಯ ಆಕಾರ ಗೊತ್ತಿರುವುದಿಲ್ಲ. ಶಾಲೆಯ ಚಿತ್ರಗಳಲ್ಲಿ ಮೇಲೆ ಚೂಪು, ಕೆಳಗೆ ಗುಂಡು. ನಿಜವಾದ ಹನಿ ಹಾಗಿಲ್ಲ. ಸಣ್ಣ ಹನಿ ಪೂರ್ತಿ ಗುಂಡಗಿರುತ್ತದೆ. ದೊಡ್ಡ ಹನಿಯ ಕೆಳಭಾಗ ಗಾಳಿಯ ಒತ್ತಡಕ್ಕೆ ಚಪ್ಪಟೆಯಾಗುತ್ತದೆ. ಇನ್ನೂ ದೊಡ್ಡದಾದರೆ ಒಡೆದು ಹೋಗುತ್ತದೆ.

ದೊಡ್ಡ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಸಿನಿಮಾ ಕ್ಯಾಮೆರಾ ಒಂದೊಂದು ಚಿತ್ರಕ್ಕೆ ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತದೆ. ಅಷ್ಟರಲ್ಲಿ ಹನಿ ಸುಮಾರು 19 ಸೆಂಟಿಮೀಟರ್ ಇಳಿದಿರುತ್ತದೆ. ಹಾಗಾಗಿ ಪರದೆ ಮೇಲೆ ಬರುವುದು ಹನಿಯಲ್ಲ, ಗೆರೆ. ಇಲ್ಲಿಯವರೆಗೆ ಯಾರಾದರೂ ಊಹಿಸಬಹುದು. ಬರೀ ಬಿಳಿ ಗೆರೆ ಎಳೆದರೆ ಮಾತ್ರ ಮಳೆ ಪ್ಲಾಸ್ಟಿಕ್ ದಾರದ ಥರ ಕಾಣುತ್ತದೆ. ಯಾಕೆ?

ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಷಿತಿಜ್ ಗರ್ಗ್ ಮತ್ತು ಶ್ರೀ ನಾಯರ್ 2006ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಹನಿ ಬೀಳುತ್ತಾ ಬೀಳುತ್ತಾ ಅದುರುತ್ತದೆ. ಒಮ್ಮೆ ಅಡ್ಡಕ್ಕೆ ಹಿಗ್ಗಿ, ಒಮ್ಮೆ ಉದ್ದಕ್ಕೆ. ಈ ಅದುರಾಟದಿಂದ ಗೆರೆಯೊಳಗೆ ಬೆಳಕಿನ ಚುಕ್ಕೆಗಳು, ಬಾಗಿದ ಪಟ್ಟೆಗಳು ಮೂಡುತ್ತವೆ. ಜೊತೆಗೆ ಹನಿ ಒಂದು ಲೆನ್ಸ್. ಸುಮಾರು 165 ಡಿಗ್ರಿಯಷ್ಟು ಅಗಲದ ನೋಟವನ್ನು ಅದು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಹಿಂದೆ ಕಪ್ಪು ತೋಟ ಇದ್ದರೂ ಹನಿಯೊಳಗೆ ಆಕಾಶ ಇರುತ್ತದೆ. ಅದಕ್ಕೇ ಹನಿ ಹೊಳೆಯುವುದು. ಅಡಿಕೆ ತೋಟದ ಕತ್ತಲಿನ ಎದುರು ಮಳೆ ಎದ್ದು ಕಾಣುತ್ತದೆ, ಬಿಳಿ ಮೋಡದ ಎದುರು ಕಾಣುವುದೇ ಇಲ್ಲ. ಸಿನಿಮಾ ಛಾಯಾಗ್ರಾಹಕರಿಗೆ ಇದು ಅನುಭವದಿಂದಲೇ ಗೊತ್ತು. ಅವರು ಮಳೆಗೆ ಹಿಂದಿನಿಂದ ದೀಪ ಹಾಕುತ್ತಾರೆ.

ಇಲ್ಲೂ ನನಗೆ ಇಷ್ಟವಾದದ್ದು ಕೊನೆಯ ಮಾತು. ಪ್ರತಿ ಹನಿಯ ಅದುರಾಟವನ್ನೂ ಲೆಕ್ಕ ಹಾಕುತ್ತಾ ಕೂರಿ ಎಂದು ಅವರು ಅನಿಮೇಟರ್‌ಗೆ ಹೇಳಲಿಲ್ಲ. ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ, ಬೇರೆ ಬೇರೆ ಕೋನದಿಂದ ಗೆರೆ ಹೇಗೆ ಕಾಣುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಒಂದು ದೊಡ್ಡ ಚಿತ್ರಸಂಗ್ರಹ ಮಾಡಿ ಕೊಟ್ಟರು. ಬೇಕಾದ ಗೆರೆ ಆರಿಸಿಕೊಂಡು ದೃಶ್ಯದ ಮೇಲೆ ಅಂಟಿಸಿದರೆ ಆಯಿತು.

ಮಳೆ ಬಿದ್ದ ಮೇಲೆ ಗೋಡೆ ನೆನೆಯಬೇಕು. ಒದ್ದೆ ಜಂಬಿಟ್ಟಿಗೆ ಯಾಕೆ ಕಡುಗೆಂಪಾಗುತ್ತದೆ? ನೀರಿಗೆ ಬಣ್ಣ ಇಲ್ಲವಲ್ಲ! ಒಣ ಕಲ್ಲಿನ ರಂಧ್ರಗಳಲ್ಲಿ ಗಾಳಿ ಇರುತ್ತದೆ. ಗಾಳಿಗೂ ಕಲ್ಲಿನ ಕಣಕ್ಕೂ ಬೆಳಕನ್ನು ಬಗ್ಗಿಸುವ ಗುಣದಲ್ಲಿ ತುಂಬಾ ವ್ಯತ್ಯಾಸ. ಬೆಳಕು ಕಣಗಳಿಗೆ ಬಡಿದು ಬೇಗ ಹಿಂದಿರುಗುತ್ತದೆ. ರಂಧ್ರಗಳಲ್ಲಿ ನೀರು ತುಂಬಿದರೆ ಆ ವ್ಯತ್ಯಾಸ ಕಡಿಮೆಯಾಗುತ್ತದೆ. ಬೆಳಕು ಚದುರದೆ ಒಳಗೆ ಒಳಗೆ ನುಗ್ಗುತ್ತದೆ. ಒಳಗೆ ಹೋದಷ್ಟೂ ಕಲ್ಲು ಅದನ್ನು ಹೀರುತ್ತದೆ. ಹೊರಬರಲು ನೋಡಿದ ಸ್ವಲ್ಪ ಬೆಳಕನ್ನೂ ಮೇಲಿನ ನೀರಿನ ಪದರ ವಾಪಸ್ ಒಳಗೆ ತಳ್ಳುತ್ತದೆ. ಜೆನ್ಸನ್, ಜಸ್ಟಿನ್ ಲೆಗಾಕಿಸ್ ಮತ್ತು ಜೂಲಿ ಡಾರ್ಸಿ 1999ರಲ್ಲಿ ಇದನ್ನೇ ಕಂಪ್ಯೂಟರ್ ಚಿತ್ರಕ್ಕೆ ತಂದರು.

ಡಾರ್ಸಿ ಅವರ ಕೆಲಸದ ಬಗ್ಗೆ ಮಲೆನಾಡಿನವರು ಸ್ವಲ್ಪ ಹೆಚ್ಚೇ ಅಕ್ಕರೆ ತೋರಿಸಬೇಕು. ಅದಕ್ಕೂ ಮೂರು ವರ್ಷ ಮೊದಲು, 1996ರಲ್ಲಿ, ಅವರು ಮತ್ತು ಜೊತೆಗಾರರು ಕಟ್ಟಡದ ಮೇಲೆ ನೀರು ಹರಿದು ಕಲೆಯಾಗುವುದನ್ನು ಲೆಕ್ಕ ಹಾಕಿದ್ದರು. ಗೋಡೆ ಮೇಲೆ ಸಾವಿರಾರು ಹನಿಗಳನ್ನು ಬಿಡುವುದು. ಹನಿ ಇಳಿಯುತ್ತಾ ಒಂದು ಕಡೆಯ ಕೊಳೆಯನ್ನು ಕರಗಿಸಿ ಇನ್ನೊಂದು ಕಡೆ ಬಿಟ್ಟು ಹೋಗುವುದು. ಕಿಟಕಿಯ ಅಂಚಿನ ಕೆಳಗೆ ಉದ್ದುದ್ದ ಕಪ್ಪು ಪಟ್ಟೆ ತಾನಾಗಿ ಮೂಡುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲುಗಳನ್ನು ಮಳೆಗಾಲದಲ್ಲಿ ನೋಡಿದವರಿಗೆ ಇದು ಎಷ್ಟು ಮುಖ್ಯ ಎಂದು ಗೊತ್ತಾಗುತ್ತದೆ. ಕಂಪ್ಯೂಟರ್ ಚಿತ್ರದ ಕಟ್ಟಡಗಳು ಆವರೆಗೆ ಗೃಹಪ್ರವೇಶದ ದಿನದ ಮನೆಗಳಂತೆ ಹೊಸದಾಗಿಯೇ ಕಾಣುತ್ತಿದ್ದವು.

ಹೊಸತನದ ಈ ಕಾಟ ಮೊದಲೂ ಒಬ್ಬರನ್ನು ಕಾಡಿತ್ತು. ಕೆನ್ ಪರ್ಲಿನ್ 1982ರ ‘ಟ್ರಾನ್’ ಸಿನಿಮಾದಲ್ಲಿ ಕೆಲಸ ಮಾಡಿದವರು. ಅಲ್ಲಿಯ ಚಿತ್ರಗಳೆಲ್ಲ ಯಂತ್ರದ ಹಾಗೆ ನುಣುಪು ಎಂಬ ಬೇಸರ ಅವರಿಗೆ. ಆಮೇಲೆ ಅವರು ರೂಪಿಸಿದ್ದೇ ಪರ್ಲಿನ್ ನಾಯ್ಸ್. ಪೂರ್ತಿ ಅಡ್ಡಾದಿಡ್ಡಿ ಸಂಖ್ಯೆಗಳಾದರೆ ಹಳೇ ಟಿವಿಯ ಚುಕ್ಕೆಗಳ ಥರ ಇರುತ್ತದೆ. ಪರ್ಲಿನ್ ನಾಯ್ಸ್ ಅಡ್ಡಾದಿಡ್ಡಿಯೂ ಹೌದು, ಪಕ್ಕಪಕ್ಕದಲ್ಲಿ ನಯವಾಗಿ ಬದಲಾಗುವಂಥದ್ದೂ ಹೌದು. ದೊಡ್ಡ ಅಲೆಯ ಮೇಲೆ ಸಣ್ಣ ಅಲೆ, ಅದರ ಮೇಲೆ ಇನ್ನೂ ಸಣ್ಣದು ಎಂದು ಕೂಡುತ್ತಾ ಹೋದರೆ ಮೋಡ, ಗುಡ್ಡ, ಪಾಚಿ ಏನು ಬೇಕಾದರೂ ಬರುತ್ತದೆ. 1985ರಲ್ಲಿ ಪ್ರಕಟಿಸಿದರು. ಪೇಟೆಂಟ್ ಮಾಡಲಿಲ್ಲ. ಈಗ ಬಹುತೇಕ ಎಲ್ಲ ಗ್ರಾಫಿಕ್ಸ್ ಸಾಫ್ಟ್‌ವೇರಿನಲ್ಲೂ ಇದೆ. 1997ರಲ್ಲಿ ಅವರಿಗೂ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ. ಜಂಬಿಟ್ಟಿಗೆಯ ತೂತುಗಳಿಗೆ ಮಾತ್ರ ಸ್ಟೀವನ್ ವರ್ಲಿ 1996ರಲ್ಲಿ ಮಾಡಿದ ಇನ್ನೊಂದು ನಾಯ್ಸ್ ಚೆನ್ನ. ಅದು ಜೀವಕೋಶಗಳ ಹಾಗೆ ಕಾಣುತ್ತದೆ.

ಅಡಿಕೆ ಮರ ಸುಲಭ. ಕೊಂಬೆಯೇ ಇಲ್ಲ! ಹಲಸಿನ ಮರ ಬೇಕಾದರೆ ಹಂಗೇರಿ ಮೂಲದ ಜೀವವಿಜ್ಞಾನಿ ಲಿಂಡನ್‌ಮೇಯರ್ 1968ರಲ್ಲಿ ಬರೆದ ನಿಯಮಗಳ ಮೊರೆ ಹೋಗಬೇಕು. ಒಂದು ಮೊಗ್ಗು ಎರಡು ಕೊಂಬೆಯಾಗಲಿ, ಪ್ರತಿ ಕೊಂಬೆಯ ತುದಿಯಲ್ಲಿ ಮತ್ತೆ ಮೊಗ್ಗು ಬರಲಿ ಎಂಬಂಥ ಸಣ್ಣ ನಿಯಮವನ್ನು ಮತ್ತೆ ಮತ್ತೆ ಹಾಕುವುದು. ಅವರು ಅದನ್ನು ಮಾಡಿದ್ದು ಜೀವಿಗಳ ಬೆಳವಣಿಗೆ ಅರ್ಥ ಮಾಡಿಕೊಳ್ಳಲು, ಚಿತ್ರಕ್ಕಲ್ಲ. ಚಿತ್ರದವರು ಎತ್ತಿಕೊಂಡರು.

ಈಗ ಎಲ್ಲ ವಸ್ತುಗಳಿಗೂ ಬಣ್ಣ, ಹೊಳಪು ಕೊಡಬೇಕು. ನಾನು ಮೊದಲು ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2012ರಲ್ಲಿ ಡಿಸ್ನಿಯ ಬ್ರೆಂಟ್ ಬರ್ಲಿ ಒಂದು ವಿಧಾನ ಮುಂದಿಟ್ಟರು. ಅದಕ್ಕೂ ಮೊದಲು ಒಂದು ವಸ್ತು ಬೆಳಕನ್ನು ಹೇಗೆ ಚದುರಿಸುತ್ತದೆ ಎಂದು ಹೇಳಲು ಅನೇಕ ಭೌತಶಾಸ್ತ್ರದ ಮಾದರಿಗಳಿದ್ದವು. ಅವುಗಳಲ್ಲಿ ವಕ್ರೀಭವನ ಸೂಚ್ಯಂಕ, ಅಂದರೆ ವಸ್ತು ಬೆಳಕನ್ನು ಬಗ್ಗಿಸುವ ಪ್ರಮಾಣ, ಎಷ್ಟು ಎಂಬಂಥ ಪ್ರಶ್ನೆಗೆ ಕಲಾವಿದರು ಉತ್ತರಿಸಬೇಕಿತ್ತು. ಬಣ್ಣ ಹಾಕುವ ಹುಡುಗಿಗೆ ಆ ಪ್ರಶ್ನೆ ಯಾಕೆ? ಬರ್ಲಿ ನಿಜವಾದ ನೂರು ವಸ್ತುಗಳ ಅಳತೆಗಳನ್ನು ಕೂತು ನೋಡಿದರು. ಆಮೇಲೆ ಕೆಲವು ನಿಯಮ ಹಾಕಿಕೊಂಡರು. ಸ್ಲೈಡರ್‌ಗಳು ಭೌತಶಾಸ್ತ್ರದ ಭಾಷೆಯಲ್ಲಿರದೆ ಕಣ್ಣಿಗೆ ಅರ್ಥವಾಗುವಂತಿರಬೇಕು. ಆದಷ್ಟು ಕಡಿಮೆ ಇರಬೇಕು. ಎಲ್ಲವೂ ಸೊನ್ನೆಯಿಂದ ಒಂದರವರೆಗೆ. ಅರ್ಥವಿದ್ದಲ್ಲಿ ಆ ಮಿತಿ ದಾಟಲೂ ಬಿಡಬೇಕು. ಹೇಗೆ ಕೂಡಿಸಿದರೂ ಚಿತ್ರ ಕೆಡಬಾರದು.

ಒರಟುತನ, ಲೋಹದ ಗುಣ, ಬಟ್ಟೆಯಂಥ ಮಿರುಗು, ಹೀಗೆ ಹತ್ತು ಸ್ಲೈಡರ್ ಮತ್ತು ಒಂದು ಬಣ್ಣ. ಮುಗಿಯಿತು. 2017ರಲ್ಲಿ ಬ್ಲೆಂಡರ್‌ಗೂ ಬಂತು. ಅಲ್ಲಿ ಅದರ ಹೆಸರು ಪ್ರಿನ್ಸಿಪಲ್ಡ್ ಬಿಎಸ್‌ಡಿಎಫ್. ಒಂದು ದೊಡ್ಡ ಸ್ಟುಡಿಯೊ ತನ್ನ ಕಲಾವಿದರಿಗೆಂದು ಮಾಡಿಕೊಂಡದ್ದನ್ನು ಬರೆದು ಪ್ರಕಟಿಸಿತು, ಈಗ ಸಾಗರದ ಒಂದು ಕೋಣೆಯಲ್ಲಿ ಕೂತವರೂ ಅದನ್ನೇ ಬಳಸಬಹುದು. ಸಂಶೋಧನೆಯನ್ನು ಬಚ್ಚಿಡದೆ ಪ್ರಕಟಿಸುವ ಈ ರೂಢಿ ಇಲ್ಲದಿದ್ದರೆ ನಮ್ಮಂಥ ಊರುಗಳಿಗೆ ಏನೂ ಸಿಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಒಂದು ಅಡ್ಡ ಮಾತು. ಮಲೆನಾಡಿನಲ್ಲಿ ಹಿಮ ಇಲ್ಲ, ಕೆಸರಿದೆ. ಆದರೂ ಹಿಮದ ಕಥೆ ಹೇಳಲೇಬೇಕು. ‘ಫ್ರೋಜನ್’ ಸಿನಿಮಾಕ್ಕಾಗಿ 2013ರಲ್ಲಿ ಡಿಸ್ನಿ ಮತ್ತು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಸಂಶೋಧಕರು ಹಿಮದ ಲೆಕ್ಕ ಹಾಕುವ ವಿಧಾನ ಮಾಡಿದರು. ಹಿಮ ಗಟ್ಟಿಯೂ ಅಲ್ಲ, ನೀರೂ ಅಲ್ಲ. ಒತ್ತಿದರೆ ಉಂಡೆ, ಎಸೆದರೆ ಪುಡಿ. ಅವರು ಬಳಸಿದ್ದು 1994ರಲ್ಲಿ ಡೆಬೊರಾ ಸುಲ್ಸ್ಕಿ ಮತ್ತು ಜೊತೆಗಾರರು ಘನವಸ್ತುಗಳ ಅಧ್ಯಯನಕ್ಕೆ ರೂಪಿಸಿದ ಎಂಪಿಎಂ (ಮೆಟೀರಿಯಲ್ ಪಾಯಿಂಟ್ ಮೆಥಡ್) ಎಂಬ ವಿಧಾನ. ವಸ್ತುವನ್ನು ಕಣಗಳಾಗಿ ಇಟ್ಟುಕೊಂಡು, ಬಲದ ಲೆಕ್ಕಕ್ಕೆ ಮಾತ್ರ ಗೂಡುಗಳ ಮೇಲೆ ಹರಡಿ, ಉತ್ತರ ಬಂದ ಮೇಲೆ ಮತ್ತೆ ಕಣಗಳಿಗೆ ಹಿಂದಿರುಗಿಸುವುದು.

ಸ್ವಿಟ್ಜರ್ಲೆಂಡಿನಲ್ಲಿದ್ದ ಹಿಮಕುಸಿತದ ವಿಜ್ಞಾನಿ ಯೋಹಾನ್ ಗೋಮ್ ಈ ಕೆಲಸ ಕಂಡು ಆ ಗ್ರಾಫಿಕ್ಸ್ ಸಂಶೋಧಕರ ಜೊತೆ ಸೇರಿದರು. 2018ರಲ್ಲಿ ಹಿಮಕುಸಿತ ಹೇಗೆ ಬಿರುಕು ಬಿಟ್ಟು ಶುರುವಾಗುತ್ತದೆ ಎಂಬ ಲೇಖನ ಒಟ್ಟಿಗೆ ಬರೆದರು. 2021ರಲ್ಲಿ ಗೋಮ್ ಮತ್ತು ಅಲೆಕ್ಸಾಂಡರ್ ಪುಜ್ರಿನ್, 1959ರಲ್ಲಿ ರಷ್ಯಾದ ಉರಾಲ್ ಬೆಟ್ಟಗಳಲ್ಲಿ ಒಂಬತ್ತು ಚಾರಣಿಗರು ಸತ್ತ ಡ್ಯಾಟ್ಲೊವ್ ಪ್ರಕರಣಕ್ಕೆ ಒಂದು ಸಣ್ಣ ಹಿಮಕುಸಿತ ಕಾರಣ ಇರಬಹುದು ಎಂದು ಲೆಕ್ಕ ಸಮೇತ ತೋರಿಸಿದರು. ವಿಜ್ಞಾನದಿಂದ ಸಿನಿಮಾಕ್ಕೆ ಹೋದದ್ದು ಬಡ್ಡಿ ಸಮೇತ ವಾಪಸ್ ಬಂತು. ಗುಡ್ಡ ಕುಸಿತದ ಅಧ್ಯಯನದಲ್ಲೂ ಇದೇ ಎಂಪಿಎಂ ಬಳಕೆಯಲ್ಲಿದೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತುವವರಿಗೆ ಇದು ದೂರದ ವಿಷಯ ಅಲ್ಲ.

ನಮ್ಮ ಹುಡುಗಿಯ ದೃಶ್ಯಕ್ಕೆ ಬರೋಣ. ಅವಳಿಗೆ ಗೋಡೆ ಮೇಲೆ ಹಸೆ ಚಿತ್ತಾರ ಬೇಕು ಅನ್ನಿಸಿತು. ಸಾಗರ, ಸೊರಬ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಬರೆಯುವ ಚಿತ್ತಾರ. ಅಕ್ಕಿ ನೆನೆಸಿ ಅರೆದು ಬಿಳಿ, ಅಕ್ಕಿ ಹುರಿದು ಕಪ್ಪು, ಗುರಿಗೆ ಕಾಯಿಂದ ಹಳದಿ. ಪುಂಡಿ ನಾರಿನ ಕುಂಚ. ಗೆರೆ ನೇರ ಮತ್ತು ಸಮಾನ, ಆದರೆ ಸ್ಕೇಲ್ ಇಟ್ಟು ಎಳೆದದ್ದಲ್ಲ. ಕೈಯ ಸಣ್ಣ ನಡುಕ ಅದರಲ್ಲಿ ಇರುತ್ತದೆ.

ಕಂಪ್ಯೂಟರಿನ ಗೆರೆಗೆ ಮೂಲ ಎರಡು ಕಾರು ಕಂಪನಿಗಳು. ಸಿಟ್ರೊಯೆನ್‌ನಲ್ಲಿ ಪಾಲ್ ದ ಕ್ಯಾಸ್ತೆಲ್ಜೊ 1959ರ ಹೊತ್ತಿಗೆ, ರೆನೊದಲ್ಲಿ ಪಿಯರ್ ಬೆಜಿಯೆ 1960ರ ದಶಕದಲ್ಲಿ, ಕಾರಿನ ಮೈಯ ತಿರುವುಗಳನ್ನು ನಾಲ್ಕೇ ಬಿಂದುಗಳಿಂದ ಹೇಳುವ ಗಣಿತ ಕಂಡುಕೊಂಡರು. ಸಿಟ್ರೊಯೆನ್ ಗುಟ್ಟಾಗಿಟ್ಟಿತು. ಬೆಜಿಯೆ ಪ್ರಕಟಿಸಿದರು. ಹಾಗಾಗಿ ಹೆಸರು ಅವರದ್ದೇ ಉಳಿಯಿತು. ಇವತ್ತು ಕನ್ನಡ ಫಾಂಟಿನ ಒಂದೊಂದು ಅಕ್ಷರವೂ ಇಂಥ ಗೆರೆಗಳಿಂದಲೇ ಆಗಿದೆ. ಆದರೆ ಬೆಜಿಯೆ ಗೆರೆ ಅತಿ ನುಣುಪು. ಚಿತ್ತಾರಕ್ಕೆ ಅದು ಹೊಂದುವುದಿಲ್ಲ. ಕೈಯಿಂದ ಎಳೆದ ಗೆರೆಯ ಒತ್ತಡ, ದಪ್ಪ, ನಡುಕವನ್ನು ಇಟ್ಟುಕೊಂಡೇ ಅದನ್ನು ಮೂರು ಆಯಾಮದ ದೃಶ್ಯದಲ್ಲಿ ಕೂರಿಸುವ ಗ್ರೀಸ್ ಪೆನ್ಸಿಲ್ ಎಂಬ ಸಾಧನ ಬ್ಲೆಂಡರಿನಲ್ಲಿದೆ. ಅವಳಿಗೆ ಬೇಕಾದದ್ದು ಅದು.

ಬಣ್ಣದಲ್ಲೂ ಇದೇ ತಕರಾರು. ಜಲವರ್ಣದಲ್ಲಿ ಹಳದಿಗೆ ನೀಲಿ ಬೆರೆಸಿದರೆ ಹಸಿರು ಎಂದು ಮಕ್ಕಳಿಗೂ ಗೊತ್ತು. ಕಂಪ್ಯೂಟರಿನಲ್ಲಿ ಬೆರೆಸಿದರೆ ಬೂದು ಬರುತ್ತದೆ. ಪರದೆ ಬೆರೆಸುವುದು ಬೆಳಕನ್ನು, ನಾವು ಬೆರೆಸುವುದು ಪುಡಿಯನ್ನು. ಪುಡಿಯ ಕಣಗಳು ಬೆಳಕನ್ನು ಎಷ್ಟು ಹೀರುತ್ತವೆ, ಎಷ್ಟು ಚದುರಿಸುತ್ತವೆ ಎಂಬ ಲೆಕ್ಕವನ್ನು ಕುಬೆಲ್ಕಾ ಮತ್ತು ಮುಂಕ್ 1931ರಲ್ಲೇ ಬರೆದಿದ್ದರು. ಆದರೆ ಚಿತ್ರ ಬರೆಯುವ ಸಾಫ್ಟ್‌ವೇರುಗಳು ಕೆಂಪು, ಹಸಿರು, ನೀಲಿ ಎಂಬ ಮೂರೇ ಸಂಖ್ಯೆಗಳ ಮೇಲೆ ನಿಂತಿವೆ. ಅವನ್ನು ಬುಡಮೇಲು ಮಾಡಲು ಯಾರೂ ತಯಾರಿರಲಿಲ್ಲ. 2021ರಲ್ಲಿ ಪ್ರಾಗ್‌ನ ಶಾರ್ಕಾ ಸೊಖೊರೊವಾ ಮತ್ತು ಒಂದ್ರೆಯ್ ಯಾಮ್ರಿಶ್ಕಾ ಜಾಣತನ ತೋರಿಸಿದರು. ಮೂರು ಸಂಖ್ಯೆಯ ಬಣ್ಣವನ್ನು ಒಳಗೊಳಗೇ ನಾಲ್ಕು ಪುಡಿಗಳ ಮಿಶ್ರಣವಾಗಿ ಬದಲಿಸಿ, ಅಲ್ಲಿ ಬೆರೆಸಿ, ಮತ್ತೆ ಮೂರು ಸಂಖ್ಯೆಗೆ ತರುವುದು. ಹೊರಗಿನಿಂದ ನೋಡಿದರೆ ಏನೂ ಬದಲಾಗಿಲ್ಲ. ಹಳದಿ, ನೀಲಿ ಬೆರೆಸಿದರೆ ಹಸಿರು ಬರುತ್ತದೆ, ಅಷ್ಟೇ.

ಇನ್ನು ಎಲ್ಲರೂ 'ಎಐ ಬಂತಲ್ಲ, ಇದೆಲ್ಲ ಯಾಕೆ' ಎಂದು ಕೇಳುತ್ತಾರೆ. ಒಂದು ವಾಕ್ಯ ಬರೆದರೆ ಮಳೆಯಲ್ಲಿ ನೆನೆದ ಹಂಚಿನ ಮನೆ ಬಂದುಬಿಡುತ್ತದೆ. ನಿಜ. ಆದರೆ ಹೊಗೆ ಎರಡನೇ ಹಂಚಿನ ಸಂದಿಯಿಂದ ಬರಲಿ ಎಂದು ಹೇಳಿ ನೋಡಿ. ಎಷ್ಟೋ ಸಲ ಮನೆಯೇ ಬದಲಾಗುತ್ತದೆ. ಸಂಶೋಧಕರು ಇಲ್ಲೂ ಮತ್ತೆ ಹಳೇ ದಾರಿಗೇ ಬಂದರು. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ವ್‌ಮಿನ್ ಜಾಂಗ್ ಮತ್ತು ಜೊತೆಗಾರರು ಕಂಟ್ರೋಲ್‌ನೆಟ್ ಎಂಬುದನ್ನು ತಂದರು. ವಾಕ್ಯದ ಜೊತೆಗೆ ನೀವು ಗೆರೆಯಲ್ಲಿ ಬರೆದ ಚಿತ್ರವನ್ನೂ ಕೊಡಬಹುದು. ಯಂತ್ರ ಆ ಗೆರೆಯನ್ನು ಹಿಡಿದೇ ಚಿತ್ರ ತುಂಬುತ್ತದೆ. ಇಷ್ಟು ದೊಡ್ಡ ಯಂತ್ರಕ್ಕೂ ಕೊನೆಗೆ ಹಿಡಿ ಹಾಕಿದ್ದು ಪೆನ್ಸಿಲ್ ಗೆರೆಯಿಂದ. ಹಾಗಂತ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಈ ಯಂತ್ರಗಳು ಕಲಿತದ್ದು ಇಂಟರ್‌ನೆಟ್‌ನಿಂದ ಬಾಚಿದ ಕೋಟಿಗಟ್ಟಲೆ ಚಿತ್ರಗಳಿಂದ. ಬರೆದವರನ್ನು ಯಾರೂ ಕೇಳಲಿಲ್ಲ. ಸ್ಟಾಮ್, ಪರ್ಲಿನ್ ಅವರ ಸಾಧನಗಳಲ್ಲಿ ಇನ್ನೊಬ್ಬರ ಚಿತ್ರ ಅಡಗಿರಲಿಲ್ಲ.

ಕೊನೆಗೆ ರೆಂಡರ್, ಅಂದರೆ ಈ ಎಲ್ಲ ಲೆಕ್ಕದಿಂದ ಕೊನೆಯ ಚಿತ್ರ ತೆಗೆಯುವುದು. 1986ರಲ್ಲಿ ಜಿಮ್ ಕಜಿಯಾ ಬೆಳಕಿನ ಓಡಾಟವನ್ನೆಲ್ಲ ಒಂದೇ ಸಮೀಕರಣದಲ್ಲಿ ಬರೆದರು. ಅದನ್ನು ಬಿಡಿಸುವ ದಾರಿ ಎಂದರೆ ಬೆಳಕಿನ ಕಿರಣಗಳನ್ನು ಕಣ್ಣುಮುಚ್ಚಿ ಎಲ್ಲ ಕಡೆ ಎಸೆದು ಸರಾಸರಿ ತೆಗೆಯುವುದು. ಕಿರಣ ಕಡಿಮೆಯಾದರೆ ಚಿತ್ರದ ತುಂಬಾ ಚುಕ್ಕೆ. ಚುಕ್ಕೆ ಅರ್ಧಕ್ಕೆ ಇಳಿಯಬೇಕೆಂದರೆ ಕಿರಣ ನಾಲ್ಕು ಪಟ್ಟು ಬೇಕು. ಮಂಜು ಇದ್ದರಂತೂ ಕೇಳಬೇಡಿ, ಬೆಳಕು ಪ್ರತಿ ಸೂಕ್ಷ್ಮ ಹನಿಗೂ ಬಡಿದು ಅಲೆಯುತ್ತದೆ. ಈಗ ಕಡಿಮೆ ಕಿರಣದಲ್ಲೇ ಚಿತ್ರ ತೆಗೆದು, ಚುಕ್ಕೆಗಳನ್ನು ಅಳಿಸಲು ತರಬೇತಾದ ಡಿನಾಯ್ಸರ್‌ಗೆ ಕೊಡುತ್ತಾರೆ. ಇಂಟೆಲ್ ತನ್ನ ಡಿನಾಯ್ಸರನ್ನು 2019ರಲ್ಲಿ ಮುಕ್ತವಾಗಿ ಬಿಟ್ಟಿತು. ಅದೇ ವರ್ಷ ಅದು ಬ್ಲೆಂಡರಿಗೂ ಬಂತು.

ಬ್ಲೆಂಡರ್ ಕೂಡ ಸುಮ್ನೆ ಉಚಿತವಾದದ್ದಲ್ಲ. ಅದನ್ನು ಮಾಡಿದ ನೆದರ್‌ಲ್ಯಾಂಡ್ಸ್‌ನ ಕಂಪನಿ ಮುಚ್ಚಿದಾಗ, 2002ರಲ್ಲಿ, ಬಳಕೆದಾರರು ಏಳು ವಾರದಲ್ಲಿ ಒಂದು ಲಕ್ಷ ಯೂರೊ ಚಂದಾ ಎತ್ತಿ ಅದನ್ನು ಬಿಡಿಸಿಕೊಂಡರು. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅದರಲ್ಲೇ ಮಾಡಿದ ‘ಫ್ಲೋ’ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಸಿನಿಮಾ ಎಂದು ಆಸ್ಕರ್ ಗೆದ್ದಿತು. ಮಾತೇ ಇಲ್ಲದ ಸಿನಿಮಾ. ಉದ್ದಕ್ಕೂ ನೀರು.

ಪ್ರಯತ್ನ ಮಾಡುವವರಿಗೆ ಎರಡು ಮಾತು. ಹೊಗೆಯ ಗೂಡುಗಳನ್ನು ಪ್ರತಿ ಬದಿಗೂ ಎರಡು ಪಟ್ಟು ಮಾಡಿದರೆ ಒಟ್ಟು ಗೂಡುಗಳು ಎಂಟು ಪಟ್ಟಾಗುತ್ತವೆ. ಆದ್ದರಿಂದ ಮೊದಲು ಒರಟಾಗಿಯೇ ನೋಡಿ, ಮೆಚ್ಚುಗೆಯಾದ ಮೇಲೆ ಹೆಚ್ಚಿಸಿ. ಇನ್ನೊಂದು, ರೆಂಡರನ್ನು ನೇರವಾಗಿ ವಿಡಿಯೊ ಫೈಲಿಗೆ ಹಾಕಬೇಡಿ. 240 ಬೇರೆ ಬೇರೆ ಪಿಎನ್‌ಜಿ ಚಿತ್ರಗಳಾಗಿ ಉಳಿಸಿ, ಆಮೇಲೆ ಜೋಡಿಸಿ. ಮಲೆನಾಡಿನ ಮಳೆಗಾಲದಲ್ಲಿ 181ನೇ ಫ್ರೇಮಿಗೆ ಕರೆಂಟ್ ಹೋದರೆ, ಬಂದ ಮೇಲೆ 181ರಿಂದಲೇ ಶುರು ಮಾಡಬಹುದು.